ಬೊನ್ಸಾಯ್ ಸೂಚಿಪರ್ಣಿಗಳ ಸವರುಗಾಯ ಮತ್ತು ಅದರ ಉಪಚಾರ

ಸವರುಗಾಯದ ಉಪಚಾರ ಎಂಬುದು ಬೊನ್ಸಾಯ್ ಆಗಿ ಬೆಳೆಸಿದ ಪೈನ್, ಜೂನಿಪರ್, ಸ್ಪ್ರೂಸ್, ಲಾರ್ಚ್, ಯೂ ಮೊದಲಾದ ಸೂಚಿಪರ್ಣಿ ಮರಗಳಲ್ಲಿ ಕೊಂಬೆಯನ್ನೋ ಕಾಂಡವನ್ನೋ ಕತ್ತರಿಸಿದಾಗ ಉಂಟಾಗುವ ಗಾಯವನ್ನು ಜೀವಂತ ತೊಗಟೆ ಮುಚ್ಚುವಂತೆ ಮಾಡುವ, ಇಲ್ಲವೇ ಅದನ್ನು ಒಣಮರವಾಗಿ ಉಳಿಸಿ ಕಾಪಾಡುವ ತೋಟಗಾರಿಕೆಯ ಕ್ರಮ. ಎರಡನೆಯ ಆಯ್ಕೆ ಇರುವುದರಿಂದಲೇ ಇದು ಅಗಲ ಎಲೆಯ ಮರಗಳ ಉಪಚಾರಕ್ಕಿಂತ ಭಿನ್ನವಾಗಿದೆ. ಮೇಪಲ್ ಗಿಡದ ಕಾಂಡದಲ್ಲಿ ಮುಚ್ಚದೆ ಉಳಿದ ಗಾಯವನ್ನು ದೋಷವೆಂದು ಎಣಿಸುತ್ತಾರೆ. ಜೂನಿಪರ್‌ನಲ್ಲಿ ಅಂಥದೇ ಗಾಯ ಮರದ ಮುಪ್ಪನ್ನು ತೋರುವ ಅಂಗವಾಗಬಲ್ಲದು. ಆದ್ದರಿಂದ ಸೂಚಿಪರ್ಣಿಗಳಲ್ಲಿ ಯಾವ ಲೇಪ ಹಚ್ಚಬೇಕು ಎಂಬುದಕ್ಕಿಂತ ಮೊದಲು ಗಾಯವನ್ನು ಮುಚ್ಚಬೇಕೋ ಉಳಿಸಬೇಕೋ ಎಂಬುದು ತೀರ್ಮಾನವಾಗಬೇಕು.

ಈ ಲೇಖನದಲ್ಲಿ ‘ಕ್ಯಾಲಸ್’ ಎಂದರೆ ಗಾಯದ ಅಂಚಿನಲ್ಲಿ ಮೊದಲು ಮೂಡುವ ಮೆತ್ತನೆಯ, ಇನ್ನೂ ರೂಪ ತಳೆಯದ ಕೋಶರಾಶಿ. ಆಮೇಲೆ ಅದರಲ್ಲಿ ಹೊಸ ಕ್ಯಾಂಬಿಯಂ (ತೊಗಟೆಗೂ ಮರಕ್ಕೂ ನಡುವಿನ ಬೆಳೆಯುವ ಪದರ) ಹುಟ್ಟಿ ಬೆಳೆಯುವ ಗಟ್ಟಿಮರ ‘ಗಾಯದಾರು’. ಕೊಂಬೆ ಕಡಿದ ಮೇಲೆ ಉಳಿಸಿದ ತುಂಡು ‘ಮೋಟು’. ತೊಗಟೆ ಸುಲಿದು ಒಣಮರವಾಗಿ ಉಳಿಸಿದ ಕೊಂಬೆಗೆ ಅಥವಾ ತುದಿಗೆ ಜಪಾನಿನ ಹೆಸರು ‘ಜಿನ್’. ಕಾಂಡದ ಮೇಲೆ ಹಾಗೆ ಬಯಲಾದ ಭಾಗ ‘ಶಾರಿ’. ಶಾರಿಯ ಪಕ್ಕದಲ್ಲಿ ಬೇರಿನಿಂದ ಎಲೆಯವರೆಗೆ ಹರಿಯುವ ಜೀವಂತ ತೊಗಟೆಯ ಪಟ್ಟಿಯನ್ನು ‘ಜೀವಪಟ್ಟಿ’ ಎಂದು ಕರೆಯಲಾಗಿದೆ.

ಹಿನ್ನೆಲೆ

ಕುಂಡದಲ್ಲಿ ಮರವನ್ನು ಕುಳ್ಳಾಗಿಸಿ ಬೆಳೆಸುವ ಕಲೆ ಚೀನಾದ ಪೆನ್‌ಜಿಂಗ್‌ನಿಂದ ಜಪಾನಿಗೆ ಬಂದು, ಅಲ್ಲಿ ಬೊನ್ಸಾಯ್ ಆಗಿ ನೆಲೆಗೊಂಡಿತು. ಸೂಚಿಪರ್ಣಿಗಳಿಗೆ ಅದರಲ್ಲಿ ಮೊದಲಿನಿಂದಲೂ ಮುಖ್ಯ ಸ್ಥಾನವಿದೆ. ಕಪ್ಪು ಪೈನ್ ಮತ್ತು ಐದೆಲೆ ಪೈನ್ ಸಾಂಪ್ರದಾಯಿಕ ಮರಗಳು. ಶಿಂಪಾಕು ಎಂಬ ಜೂನಿಪರ್‌ನ ಖ್ಯಾತ ಮಾದರಿಗಳು ನೀಗಾಟ ಪ್ರಾಂತದ ಇತೋಯಿಗಾವ ಸುತ್ತಲಿನ ಕಡಿದಾದ ಬೆಟ್ಟಗಳಿಂದ ಬಂದವು. ಹಿಮದ ಭಾರಕ್ಕೂ ಗಾಳಿಗೂ ಬಂಡೆ ಕುಸಿತಕ್ಕೂ ಸಿಕ್ಕಿ ಕೊಂಬೆ ಮುರಿದು, ತೊಗಟೆ ಕಿತ್ತು, ಬಿಳಿಚಿದ ಕಟ್ಟಿಗೆಯ ಪಕ್ಕದಲ್ಲಿ ಒಂದೆರಡು ಬೆರಳಗಲದ ಜೀವಪಟ್ಟಿಯಿಂದ ಬದುಕಿದ್ದ ಆ ಮರಗಳೇ ಜಿನ್ ಮತ್ತು ಶಾರಿಗಳಿಗೆ ಮಾದರಿಯಾದವು. 1923ರ ಕಾಂಟೋ ಭೂಕಂಪದ ಬಳಿಕ ಟೋಕಿಯೋದ ಬೊನ್ಸಾಯ್ ಬೆಳೆಗಾರರು ಊರು ಬಿಟ್ಟು ಓಮಿಯಾದಲ್ಲಿ ನೆಲೆಸಿದರು. 1925ರಲ್ಲಿ ಅಲ್ಲಿ ಬೊನ್ಸಾಯ್ ಗ್ರಾಮ ರೂಪುಗೊಂಡಿತು. 1934ರಲ್ಲಿ ಆರಂಭವಾದ ಕೊಕುಫು ಪ್ರದರ್ಶನ ಮರಗಳ ಗುಣಮಟ್ಟವನ್ನು ಸಾರ್ವಜನಿಕವಾಗಿ ಅಳೆಯುವ ವೇದಿಕೆಯಾಯಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬೊನ್ಸಾಯ್ ಕಲಾವಿದ ಮಾಸಾಹಿಕೊ ಕಿಮುರಾ ವಿದ್ಯುತ್ ಉಪಕರಣಗಳಿಂದ ಒಣಮರವನ್ನು ಕೆತ್ತುವ ಕ್ರಮವನ್ನು ಪ್ರಸಿದ್ಧಗೊಳಿಸಿದರು.

ಗಾಯಕ್ಕೆ ಲೇಪ ಹಚ್ಚುವ ರೂಢಿ ಬೊನ್ಸಾಯ್‌ಗೆ ಸೀಮಿತವಲ್ಲ. ಇಂಗ್ಲೆಂಡಿನ ರಾಜತೋಟಗಾರ ವಿಲಿಯಂ ಫೋರ್ಸಿತ್ 1791ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸೆಗಣಿ, ಸುಣ್ಣ, ಕಟ್ಟಿಗೆ ಬೂದಿ ಮತ್ತು ಮರಳಿನ ಲೇಪವನ್ನು ಶಿಫಾರಸು ಮಾಡಿದ್ದ. ಮುಂದೆ ಡಾಂಬರಿನ ಲೇಪಗಳು ಬಂದವು. ಈ ನಂಬಿಕೆಯನ್ನು ಬುಡಸಮೇತ ಪ್ರಶ್ನಿಸಿದವರು ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ. ಕೆಂಪು ಮೇಪಲ್ ಮತ್ತು ಅಮೆರಿಕನ್ ಎಲ್ಮ್ ಮರಗಳ ಗಾಯಗಳನ್ನು ಐದು ವರ್ಷ ಗಮನಿಸಿ, ಲೇಪಗಳು ಕೊಳೆತವನ್ನು ತಡೆಯುವುದಿಲ್ಲವೆಂದು ಅವರು ಮತ್ತು ಚಾರ್ಲ್ಸ್ ವಿಲ್ಸನ್ 1977ರಲ್ಲಿ ವರದಿ ಮಾಡಿದರು. ಮರವು ಕೊಳೆತವನ್ನು ಕೋಣೆ ಕಟ್ಟಿ ಪ್ರತ್ಯೇಕಿಸುತ್ತದೆಂಬ ಶೈಗೊ ಅವರ ವಿವರಣೆಯೂ ಅದೇ ವರ್ಷ ಪುಸ್ತಿಕೆಯಾಗಿ ಹೊರಬಂತು.

ಗಾಯ ಮುಚ್ಚುವ ಬಗೆ

ಪ್ರಾಣಿಗಳ ಚರ್ಮದಲ್ಲಿ ಹಾಳಾದ ಜಾಗಕ್ಕೆ ಹೊಸ ಅಂಗಾಂಶ ಬಂದು ತುಂಬುತ್ತದೆ. ಮರದಲ್ಲಿ ಹಾಗಾಗುವುದಿಲ್ಲ. ಕತ್ತರಿಸಿದ ಹಳೆಯ ದಾರು, ಅಂದರೆ ತೊಗಟೆಯೊಳಗಿನ ಕಟ್ಟಿಗೆ, ಮತ್ತೆ ಜೀವ ತಳೆಯದು. ಮರವು ಅದನ್ನು ಒಳಗಿನಿಂದ ಬೇರ್ಪಡಿಸಿ, ಹೊರಗಿನಿಂದ ಹೊಸ ಪದರದಲ್ಲಿ ಹುದುಗಿಸಿಬಿಡುತ್ತದೆ.

ಒಳಗಿನ ಬೇರ್ಪಡಿಕೆಯಲ್ಲಿ ನಾಲ್ಕು ತಡೆಗಳನ್ನು ಗುರುತಿಸುತ್ತಾರೆ. ಮೊದಲನೆಯದು ಕೊಳೆತ ಮೇಲಕ್ಕೂ ಕೆಳಕ್ಕೂ ಹರಡುವುದನ್ನು ತಡೆಯುತ್ತದೆ. ಇದೇ ಎಲ್ಲಕ್ಕಿಂತ ದುರ್ಬಲ. ಎರಡನೆಯದು ವಾರ್ಷಿಕ ಉಂಗುರಗಳ ಗಟ್ಟಿ ಅಂಚು, ತಿರುಳಿನ ಕಡೆಗೆ ಹರಡುವುದನ್ನು ತಡೆಯುವಂಥದು. ಮೂರನೆಯದು ಅಡ್ಡಡ್ಡ ಹಬ್ಬುವುದನ್ನು ತಡೆಯುವ ಕಿರಣ ಕೋಶಗಳು. ನಾಲ್ಕನೆಯದು ಗಾಯವಾದ ಮೇಲೆ ಕ್ಯಾಂಬಿಯಂ ಹೊಸದಾಗಿ ಕಟ್ಟುವ ತಡೆಪದರ, ಎಲ್ಲಕ್ಕಿಂತ ಬಲವಾದದ್ದು. ಗಾಯವಾದ ದಿನದ ಮರ ಮತ್ತು ಅದರ ನಂತರ ಬೆಳೆದ ಮರದ ನಡುವೆ ಈ ಪದರ ನಿಲ್ಲುವುದರಿಂದ, ಒಳಗೆ ಕೊಳೆತವಿದ್ದರೂ ಹೊರಗಿನ ಹೊಸ ಉಂಗುರಗಳು ಸಾಮಾನ್ಯವಾಗಿ ಶುದ್ಧವಾಗಿಯೇ ಉಳಿಯುತ್ತವೆ.

ಸೂಚಿಪರ್ಣಿಗಳ ರಚನೆ ಈ ಕೆಲಸಕ್ಕೆ ಸ್ವಲ್ಪ ಅನುಕೂಲಕರವಾಗಿದೆ. ಅಗಲ ಎಲೆಯ ಮರಗಳಲ್ಲಿರುವ ಉದ್ದ ನಾಳಗಳು ಇವುಗಳಲ್ಲಿಲ್ಲ. ನೀರು ಏರುವುದು ಟ್ರಕೀಡ್ ಎಂಬ ಗಿಡ್ಡ ಕೋಶಗಳ ಮೂಲಕ. ಪೈನ್ ಕುಟುಂಬದ ಎರಡು ಟ್ರಕೀಡ್‌ಗಳ ನಡುವಣ ಗುಳಿಯಲ್ಲಿ ಟೋರಸ್ ಎಂಬ ಪುಟ್ಟ ಬಿಲ್ಲೆ ತೆಳುವಾದ ಎಳೆಗಳ ಮೇಲೆ ತೂಗುತ್ತಿರುತ್ತದೆ. ಕತ್ತರಿಸಿದ ಕಡೆಯಿಂದ ಗಾಳಿ ಹೊಕ್ಕರೆ ಬಿಲ್ಲೆ ಒಂದು ಪಕ್ಕಕ್ಕೆ ಸರಿದು ರಂಧ್ರವನ್ನು ಮುಚ್ಚುತ್ತದೆ. ಪಕ್ಕದ ಕೋಶದ ನೀರು ಉಳಿಯುತ್ತದೆ.

ಹೊರಗಿನ ಮುಚ್ಚುವಿಕೆ ಕ್ಯಾಂಬಿಯಂನ ಅಂಚಿನಿಂದ ಆರಂಭವಾಗುತ್ತದೆ. ಅಂಚು ಹಸಿಯಾಗಿದ್ದರೆ ಕೆಲವೇ ವಾರಗಳಲ್ಲಿ ತೊಗಟೆಗೂ ಮರಕ್ಕೂ ನಡುವೆ ನಸುಹಸಿರು ಅಥವಾ ಕೆನೆಬಣ್ಣದ ತೆಳು ಉಬ್ಬು ಕಾಣಿಸುತ್ತದೆ. ಅದು ಕ್ಯಾಲಸ್. ಅದರೊಳಗೆ ಹೊಸ ಕ್ಯಾಂಬಿಯಂ ಹುಟ್ಟಿದ ಮೇಲೆ ಉಬ್ಬು ಗಟ್ಟಿಯಾಗಿ ಗಾಯದಾರಿನ ತುಟಿಯಂತಾಗುತ್ತದೆ, ವರ್ಷವರ್ಷವೂ ಒಳಕ್ಕೆ ಉರುಳುತ್ತದೆ. ಎಡ ಬಲ ಅಂಚುಗಳು ಬೇಗ ಬೆಳೆಯುತ್ತವೆ. ಮೇಲಿನ ಮತ್ತು ಕೆಳಗಿನ ಅಂಚುಗಳು ನಿಧಾನ. ಆಹಾರ ಎಲೆಯಿಂದ ಕೆಳಕ್ಕೆ ಹರಿಯುವಾಗ ಗಾಯದ ನೇರ ಕೆಳಗಿನ ಭಾಗಕ್ಕೆ ಅದರ ಪಾಲು ಕಡಿಮೆ ಬೀಳುವುದೇ ಇದಕ್ಕೆ ಕಾರಣ. ಆದ್ದರಿಂದಲೇ ದುಂಡಗಿನ ಗಾಯಕ್ಕಿಂತ ಉದ್ದುದ್ದಕ್ಕೆ ಕದಿರಿನಾಕಾರವಾಗಿ ಚೊಕ್ಕ ಮಾಡಿದ ಗಾಯ ಚೆನ್ನಾಗಿ ಮುಚ್ಚುತ್ತದೆ. ಮೇಲೆ ಹಸಿರು ಹೆಚ್ಚಿದ್ದಷ್ಟೂ ವೇಗವೂ ಹೆಚ್ಚು. ಬಡಕಲು ಗಿಡದ ಗಾಯವನ್ನು ಯಾವ ಲೇಪವೂ ಮುಚ್ಚಿಸಲಾರದು.

ರಾಳ

ಪೈನ್, ಸ್ಪ್ರೂಸ್, ಲಾರ್ಚ್‌ಗಳ ದಾರುವಿನಲ್ಲಿ ರಾಳದ ನಾಳಗಳು ಸಹಜವಾಗಿಯೇ ಇವೆ. ಜೂನಿಪರ್ ಮತ್ತು ಯೂ ದಾರುವಿನಲ್ಲಿ ಇಲ್ಲ. ಪೈನ್ ಕೊಂಬೆ ಕತ್ತರಿಸಿದಾಗ ಗಾಯದ ಮುಖದಲ್ಲಿ ಜೇನಿನ ಬಣ್ಣದ ಹನಿಗಳು ಮೂಡಿ, ಒಂದಕ್ಕೊಂದು ಸೇರಿ ಇಳಿಯುತ್ತವೆ. ಹಗುರವಾದ ಟರ್ಪೆಂಟೈನ್ ಆರಿಹೋದಂತೆ ಬಿಳಿಯ ಹೊಪ್ಪಳೆಯಾಗಿ ಗಟ್ಟಿಗೊಳ್ಳುತ್ತವೆ. ಇದು ಮರದ ಸ್ವಂತ ಲೇಪ: ಕೀಟವನ್ನು ತಡೆಯುತ್ತದೆ, ಶಿಲೀಂಧ್ರದ ಬೆಳವಣಿಗೆಗೆ ಅಡ್ಡಿಯಾಗುತ್ತದೆ. ಹಿಮಾಲಯದ ತಪ್ಪಲಿನ ಚೀರ್ ಪೈನ್ ಮರಗಳಿಂದ ರಾಳ ಇಳಿಸುವ ಕಸುಬು ನಿಂತಿರುವುದೂ ಗಾಯಕ್ಕೆ ಮರ ಕೊಡುವ ಈ ಉತ್ತರದ ಮೇಲೆಯೇ.

ಬೊನ್ಸಾಯ್ ಬೆಳೆಗಾರರಿಗೆ ರಾಳದಿಂದ ಎರಡು ತೊಡಕುಗಳಿವೆ. ರಾಳದ ಮೇಲೆ ಲೇಪ ಅಂಟುವುದಿಲ್ಲ. ಕಾಂಡದ ಮೇಲೆ ಇಳಿದ ಹೊಪ್ಪಳೆ ವರ್ಷಗಟ್ಟಲೆ ಉಳಿದು, ಹಳೆಯ ತೊಗಟೆಯ ಅಂದವನ್ನು ಕೆಡಿಸುತ್ತದೆ. ಹಸಿಯಾಗಿರುವಾಗ ಒರೆಸಲು ಹೋದರೆ ಇನ್ನಷ್ಟು ಹರಡುತ್ತದೆ. ಒಣಗಿದ ಮೇಲೆ ಚೂರುಚೂರಾಗಿ ಕೆರೆದು ತೆಗೆಯುವುದು ಮೇಲು.

ಗಾಯದ ವಿಧಗಳು

ಚಿಗುರು ಚಿವುಟಿದಾಗ, ಕಪ್ಪು ಪೈನ್‌ನ ಮೇಣದಬತ್ತಿಯಂಥ ಎಳೆಚಿಗುರನ್ನು ಬೇಸಿಗೆಯ ಮೊದಲಲ್ಲಿ ತೆಗೆದಾಗ ಆಗುವ ಗಾಯಗಳು ಚಿಕ್ಕವು. ಅವುಗಳಿಗೆ ರಾಳವೇ ಸಾಕು. ಕೊಂಬೆಯನ್ನು ಬುಡದಿಂದ ತೆಗೆದ ಗಾಯವೇ ಉಪಚಾರದ ಮುಖ್ಯ ವಿಷಯ. ಕಾಂಡ ದಪ್ಪವಾಗಲೆಂದು ಕೆಲವು ವರ್ಷ ಬೆಳೆಯಬಿಟ್ಟು ಕೊನೆಗೆ ಕತ್ತರಿಸುವ ಕೊಂಬೆಗೆ ‘ಬಲಿಕೊಂಬೆ’ ಎನ್ನುತ್ತಾರೆ. ಅದರ ಗಾಯ ದೊಡ್ಡದು, ಆದರೆ ಎಲ್ಲಿ ಆಗುವುದೆಂದು ಮೊದಲೇ ಗೊತ್ತಿರುವುದರಿಂದ ಮರದ ಹಿಂಬದಿಗೆ ಬರುವಂತೆ ಯೋಜಿಸಬಹುದು. ಕಾಂಡದ ತುದಿಯನ್ನೇ ಕಡಿದು ಪಕ್ಕದ ಕೊಂಬೆಯನ್ನು ಹೊಸ ತುದಿ ಮಾಡಿದಾಗ ಓರೆಯಾದ ಗಾಯ ಉಂಟಾಗುತ್ತದೆ. ತಂತಿ ತೊಗಟೆಗೆ ಕಚ್ಚಿಕೊಂಡ ಗುರುತು, ಬೇರು ಕತ್ತರಿಸಿದ ಗಾಯ ಇವುಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಲೇಪ ಬೇಕಾಗುವುದಿಲ್ಲ.

ಪೈನ್‌ನಲ್ಲಿ ಒಂದೇ ಮಟ್ಟದಲ್ಲಿ ಸುತ್ತಲೂ ನಾಲ್ಕೈದು ಕೊಂಬೆಗಳು ಹೊರಡುವ ಗೆಣ್ಣುಗಳಿರುತ್ತವೆ. ಅವನ್ನೆಲ್ಲ ಒಮ್ಮೆಗೇ ತೆಗೆದರೆ ಗಾಯಗಳು ಒಂದಕ್ಕೊಂದು ತಾಗಿ ಕಾಂಡವನ್ನು ಸುತ್ತುವರಿಯುತ್ತವೆ. ಮೇಲಿನ ಭಾಗಕ್ಕೆ ನೀರು, ಕೆಳಗಿನ ಭಾಗಕ್ಕೆ ಆಹಾರ ಎರಡೂ ಕುಗ್ಗುತ್ತವೆ. ಹಾಗೆಂದು ಬಿಟ್ಟರೂ ಕಷ್ಟ: ಗೆಣ್ಣು ಉಬ್ಬಿ, ಕಾಂಡ ಕೆಳಭಾಗಕ್ಕಿಂತ ಮೇಲೆ ದಪ್ಪವಾಗುವ ಸರಿಪಡಿಸಲಾಗದ ದೋಷ ಬರುತ್ತದೆ. ಆದ್ದರಿಂದ ಎಳೆಯದರಲ್ಲೇ ಗೆಣ್ಣಿಗೆ ಎರಡು ಕೊಂಬೆ ಉಳಿಸಿ, ಮಿಕ್ಕವನ್ನು ಗಾಯಗಳ ನಡುವೆ ಜೀವಂತ ತೊಗಟೆ ಇರುವಂತೆ ಹಂತ ಹಂತವಾಗಿ ತೆಗೆಯಬೇಕು.

ಮುಚ್ಚುವುದು ಅಥವಾ ಉಳಿಸುವುದು

ಹೆಚ್ಚಿನ ಪೈನ್ ಮತ್ತು ಸ್ಪ್ರೂಸ್‌ಗಳು ಎಲೆಯಿಲ್ಲದ ಹಳೆಯ ಮರದಿಂದ ಮತ್ತೆ ಚಿಗುರುವುದು ಅಪರೂಪ. ಹಸಿರಿಲ್ಲದೆ ಉಳಿಸಿದ ಮೋಟು ಸಾಯುತ್ತದೆ. ಯೂ ಮತ್ತು ಕ್ರಿಪ್ಟೊಮೇರಿಯ ಇದಕ್ಕೆ ಅಪವಾದ. ಸಾಯುವ ಮೋಟನ್ನು ಜಿನ್ ಆಗಿ ರೂಪಿಸುವುದು ಈ ಕಾರಣದಿಂದಲೇ ಸೂಚಿಪರ್ಣಿಗಳಿಗೆ ಸಹಜವಾಗಿ ಒಪ್ಪುತ್ತದೆ.

ಜೂನಿಪರ್‌ನಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಅದರ ಒಂದೊಂದು ಕೊಂಬೆಯೂ ಕಾಂಡದ ಒಂದು ಪಟ್ಟಿಯ ಮೂಲಕ ನಿರ್ದಿಷ್ಟ ಬೇರುಗಳಿಗೆ ಜೋಡಣೆಗೊಂಡಿರುತ್ತದೆ. ದೊಡ್ಡ ಕೊಂಬೆ ತೆಗೆದರೆ ಅದರ ಕೆಳಗಿನ ಪಟ್ಟಿ ಒಂದೆರಡು ವರ್ಷಗಳಲ್ಲಿ ತಾನಾಗಿ ಒಣಗುವುದುಂಟು; ಉಳಿದ ಜೀವಪಟ್ಟಿಗಳು ದಪ್ಪಗಾಗಿ ಉಬ್ಬುತ್ತವೆ. ಅನುಭವಿ ಬೆಳೆಗಾರರು ತಕ್ಷಣ ಶಾರಿ ಕೆತ್ತದೆ, ತೊಗಟೆ ಎಲ್ಲಿಯವರೆಗೆ ಒಣಗುತ್ತದೆಂದು ಕಾದು, ಮರವೇ ಬಿಟ್ಟುಕೊಟ್ಟ ಗಡಿಯನ್ನು ಅನುಸರಿಸುತ್ತಾರೆ. ಈ ಕಾಯುವಿಕೆ ವ್ಯರ್ಥವಲ್ಲ: ಜೀವಂತ ಪಟ್ಟಿಯನ್ನು ತಪ್ಪಾಗಿ ಕೆತ್ತಿದರೆ ಅದಕ್ಕೆ ಸೇರಿದ ಕೊಂಬೆಯೂ ಹೋಗುತ್ತದೆ.

ಐದೆಲೆ ಪೈನ್‌ನಂಥ ನುಣುಪು ತೊಗಟೆಯ ಮರದ ಮುಂಭಾಗದಲ್ಲಿ ಆದ ಗಾಯ, ಎಳೆಯ ಮರದ ಕಾಂಡದ ಗಾಯ, ಮಣ್ಣಿಗೆ ತಾಗುವಷ್ಟು ಕೆಳಗಿನ ಗಾಯ ಇವನ್ನು ಮುಚ್ಚಿಸುವುದೇ ಸರಿ. ಮಣ್ಣಿನ ತೇವದಲ್ಲಿ ಒಣಮರ ಬಾಳುವುದಿಲ್ಲ.

ಕಡಿತದ ಕ್ರಮ

ಉಪಚಾರದ ಬಹುಪಾಲು ಕತ್ತರಿಸುವಾಗಲೇ ಮುಗಿದಿರುತ್ತದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿರುವ ಉಬ್ಬು, ಅಂದರೆ ಕೊಂಬೆಯ ಕೊರಳಪಟ್ಟಿ, ತಡೆಪದರ ಕಟ್ಟಲು ಬೇಕಾದ ಅಂಗಾಂಶವನ್ನು ಹೊಂದಿದೆ. ದೊಡ್ಡ ಮರಗಳಲ್ಲಿ ಅದನ್ನು ಮುಟ್ಟದೆ ಹೊರಗಡೆ ಕತ್ತರಿಸಬೇಕೆಂಬುದು ನಿಯಮ. ಬೊನ್ಸಾಯ್‌ನಲ್ಲಿ ಆ ಉಬ್ಬು ಕಾಂಡದ ಗಾತ್ರಕ್ಕೆ ಹೋಲಿಸಿದರೆ ಎದ್ದು ಕಾಣುವುದರಿಂದ, ಬೆಳೆಗಾರರು ಕಾನ್‌ಕೇವ್ ಕಟರ್ ಎಂಬ ಬಾಗಿದ ಬಾಯಿಯ ಕತ್ತರಿಯಿಂದ ಸ್ವಲ್ಪ ತಗ್ಗು ಬರುವಂತೆ ಕತ್ತರಿಸುತ್ತಾರೆ. ಗಾಯದಾರು ಆ ತಗ್ಗನ್ನು ತುಂಬಿಕೊಂಡು ಕೊನೆಗೆ ಕಾಂಡದ ಮಟ್ಟಕ್ಕೆ ಬಂದು ನಿಲ್ಲುತ್ತದೆ. ದುಂಡು ಬಾಯಿಯ ನಾಬ್ ಕಟರ್ ಉಳಿದ ಗಂಟನ್ನು ಇನ್ನಷ್ಟು ಕೊರೆಯಲು ಬಳಕೆಯಾಗುತ್ತದೆ.

ಪೈನ್‌ನ ದಪ್ಪ ಕೊಂಬೆಯನ್ನು ಒಂದೇ ಸಲಕ್ಕೆ ಕಾಂಡದ ಮಟ್ಟಕ್ಕೆ ತೆಗೆಯದೆ ಎರಡು ಹಂತದಲ್ಲಿ ತೆಗೆಯುವುದು ಉತ್ತಮ ಪದ್ಧತಿ. ಮೊದಲು ಒಂದೆರಡು ಸೆಂಟಿಮೀಟರ್ ಮೋಟು ಬಿಡುತ್ತಾರೆ. ರಾಳ ಮೋಟಿನ ತುದಿಯಲ್ಲಿ ಹೊರಬಂದು ಅಲ್ಲೇ ಗಟ್ಟಿಯಾಗುತ್ತದೆ, ಮೋಟು ಒಣಗುತ್ತದೆ, ಕಾಂಡದ ಜೀವಂತ ತೊಗಟೆ ಅದರ ಬುಡದ ಸುತ್ತ ಒಂದು ಉಂಗುರವಾಗಿ ಉಬ್ಬುತ್ತದೆ. ಒಂದು ವರ್ಷದ ಮೇಲೆ ಆ ಉಂಗುರದ ಗೆರೆ ಹಿಡಿದು ಮೋಟನ್ನು ತೆಗೆದರೆ ರಾಳ ಅಷ್ಟಾಗಿ ಸುರಿಯುವುದಿಲ್ಲ, ಗಾಯದ ಗಾತ್ರವೂ ಕುಗ್ಗಿರುತ್ತದೆ. ಜಿನ್ ಬೇಕೋ ಬೇಡವೋ ಎಂದು ನಿರ್ಧರಿಸಲು ಅವಕಾಶವೂ ಸಿಕ್ಕಿರುತ್ತದೆ.

ಕತ್ತರಿಸಿದ ಮೇಲೆ ಗಾಯದ ಅಂಚನ್ನು ಹರಿತವಾದ ಕಸಿ ಚಾಕುವಿನಿಂದ ಒಂದು ಸುತ್ತು ಸವರಿ, ಕತ್ತರಿಯ ಬಾಯಿ ಜಜ್ಜಿದ ತೊಗಟೆಯನ್ನು ತೆಗೆಯಬೇಕು. ಜಜ್ಜಿದ ಕೋಶಗಳಿಂದ ಕ್ಯಾಲಸ್ ಹುಟ್ಟುವುದಿಲ್ಲ. ಉಪಕರಣಗಳನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮೊದಲು ಸ್ಪಿರಿಟ್‌ನಿಂದ ಒರೆಸುವುದು ರೂಢಿ.

ಲೇಪಗಳು

ಶೈಗೊ ಅವರ ತೀರ್ಮಾನವನ್ನು ಬೊನ್ಸಾಯ್‌ಗೆ ಅನ್ವಯಿಸುವಾಗ ಒಂದು ಭೇದವನ್ನು ಗಮನದಲ್ಲಿಡಬೇಕು. ಅವರು ಪರೀಕ್ಷಿಸಿದ್ದು ಕೊಳೆತ ತಡೆಯುವ ಶಕ್ತಿಯನ್ನು. ಬೊನ್ಸಾಯ್ ಬೆಳೆಗಾರ ಲೇಪ ಹಚ್ಚುವುದು ಮುಖ್ಯವಾಗಿ ಕ್ಯಾಂಬಿಯಂನ ಅಂಚು ಒಣಗದಿರಲಿ ಎಂದು. ಬೆರಳುದಪ್ಪದ ಕಾಂಡದಲ್ಲಿ ಅಂಚಿನ ಎರಡು ಮಿಲಿಮೀಟರ್ ಒಣಗಿ ಹಿಂದೆ ಸರಿದರೂ ಗಾಯದ ಅಳತೆ ಎಷ್ಟೋ ಹಿಗ್ಗುತ್ತದೆ. ಅಂಚಿನ ರಕ್ಷಣೆಯ ಮಟ್ಟಿಗೆ ಲೇಪ ಸಮರ್ಥನೀಯ. ಮರದೊಳಗಿನ ಕೊಳೆತಕ್ಕೆ ಅದು ಮದ್ದಲ್ಲ.

ಜಪಾನಿನಲ್ಲಿ ಎರಡು ಬಗೆಯ ಲೇಪಗಳು ಪ್ರಚಲಿತ. ಒಂದು, ಕಣಕದಂತೆ ನಾದಬಹುದಾದ ಪುಟ್ಟಿ. ದೊಡ್ಡ ಗಾಯಗಳಿಗೆ ಸೂಕ್ತ. ಒದ್ದೆ ಬೆರಳಿನಿಂದ ಚಿಕ್ಕ ಉಂಡೆ ಮಾಡಿ, ಗಾಯದ ಮಧ್ಯದಿಂದ ಹೊರಕ್ಕೆ ಒತ್ತುತ್ತಾ, ಅಂಚಿನಾಚೆ ಜೀವಂತ ತೊಗಟೆಯ ಮೇಲೂ ಸ್ವಲ್ಪ ಬರುವಂತೆ ಕೂರಿಸುತ್ತಾರೆ. ಅದು ಪೂರ್ತಿ ಗಟ್ಟಿಯಾಗದ ಕಾರಣ ಅಡಿಯಲ್ಲಿ ಬೆಳೆಯುವ ಗಾಯದಾರು ಅದನ್ನು ಮೇಲಕ್ಕೆ ತಳ್ಳಬಲ್ಲದು. ಇನ್ನೊಂದು, ಟ್ಯೂಬಿನಿಂದ ಹಿಂಡಿ ಹಚ್ಚುವ ಲೇಪ, ಒಣಗಿ ಪೊರೆಯಾಗುತ್ತದೆ. ಟಾಪ್‌ಜಿನ್ ಎಂ ಹೆಸರಿನ ಲೇಪದಲ್ಲಿ ಥಯೋಫನೇಟ್ ಮಿಥೈಲ್ ಎಂಬ ಶಿಲೀಂಧ್ರನಾಶಕ ಸೇರಿರುತ್ತದೆ. ಇವು ಸಿಗದ ಕಡೆ ಪೆಟ್ರೋಲಿಯಂ ಜೆಲ್ಲಿ, ಕಸಿ ಮೇಣ, ಸಣ್ಣ ಗಾಯಗಳಿಗೆ ಫೆವಿಕಾಲ್ ಮಾದರಿಯ ಬಿಳಿ ಅಂಟು ಬಳಸುವುದುಂಟು. ಡಾಂಬರು ಮತ್ತು ಬಣ್ಣಗಳು ಬೇಡ. ಅವುಗಳಲ್ಲಿರುವ ದ್ರಾವಕಗಳು ಎಳೆಯ ಕೋಶಗಳನ್ನು ಸುಡುತ್ತವೆ, ಕಲೆಯೂ ಹೋಗುವುದಿಲ್ಲ.

ಗಾಯದಾರು ಮುಂದೆ ಸಾಗದೆ ನಿಂತುಬಿಟ್ಟರೆ, ಬೆಳವಣಿಗೆಯ ಕಾಲದ ಮೊದಲಲ್ಲಿ ತುಟಿಯ ಒಳಅಂಚನ್ನು ಚಾಕುವಿನಿಂದ ಕೂದಲೆಳೆಯಷ್ಟು ಕೊಯ್ದು ಮತ್ತೆ ಲೇಪ ಹಚ್ಚುತ್ತಾರೆ. ಕೊಯ್ದ ಅಂಚಿನಿಂದ ಹೊಸ ಕ್ಯಾಲಸ್ ಹೊರಡುತ್ತದೆ.

ಒಣಮರದ ಸಂರಕ್ಷಣೆ

ಜಿನ್ ಮಾಡಲು ಬೆಳವಣಿಗೆಯ ಕಾಲ ಅನುಕೂಲಕರ; ಆಗ ತೊಗಟೆ ಸುಲಭವಾಗಿ ಜಾರಿ ಬರುತ್ತದೆ. ಬುಡದ ಸುತ್ತ ಚಾಕುವಿನಿಂದ ಗೆರೆ ಕೊರೆದು, ಮೋಟಿನ ತೊಗಟೆಯನ್ನು ಇಕ್ಕಳದಿಂದ ಹಿಚುಕಿ ಸುಲಿದ ಮೇಲೆ, ತುದಿಯನ್ನು ಸೀಳಿ ಎಳೆಎಳೆಯಾಗಿ ಕೆಳಕ್ಕೆ ಎಳೆಯುತ್ತಾರೆ. ಹಾಗೆ ಎಳೆದಾಗ ಮರ ತನ್ನ ನಾರಿನ ಜಾಡಿನಲ್ಲೇ ಹರಿಯುವುದರಿಂದ ಕತ್ತರಿಯ ಗುರುತು ಉಳಿಯುವುದಿಲ್ಲ.

ಒಣಮರಕ್ಕೆ ಹಚ್ಚುವುದು ಸುಣ್ಣಗಂಧಕ ದ್ರಾವಣ. ಸುಣ್ಣ ಮತ್ತು ಗಂಧಕವನ್ನು ಒಟ್ಟಿಗೆ ಕುದಿಸಿ ಪಡೆಯುವ ಕ್ಯಾಲ್ಸಿಯಂ ಪಾಲಿಸಲ್ಫೈಡ್ ಇದು. ಹತ್ತೊಂಬತ್ತನೆಯ ಶತಮಾನದಿಂದ ದ್ರಾಕ್ಷಿ ಮತ್ತು ಹಣ್ಣಿನ ತೋಟಗಳಲ್ಲಿ ಶಿಲೀಂಧ್ರನಾಶಕವಾಗಿ ಬಳಕೆಯಲ್ಲಿದೆ. ಮರವನ್ನು ಮೊದಲು ನೀರಿನಿಂದ ಒದ್ದೆ ಮಾಡಿ ಕುಂಚದಿಂದ ಹಚ್ಚಿದರೆ ದ್ರಾವಣ ನಾರಿನೊಳಗೆ ಇಳಿಯುತ್ತದೆ. ಹಚ್ಚಿದಾಗ ದಟ್ಟ ಹಳದಿ. ಬಿಸಿಲಿಗೆ ಆರಿದಂತೆ ಬಿಳಿಯಾಗುತ್ತದೆ. ಬಿಳುಪು ಕಣ್ಣಿಗೆ ಹೊಡೆಯುವಂತಿದ್ದರೆ ಒಂದೆರಡು ಹನಿ ಕಪ್ಪು ಶಾಯಿ ಬೆರೆಸುತ್ತಾರೆ. ಇದನ್ನು ಜೀವಂತ ತೊಗಟೆಗೆ, ಮಣ್ಣಿಗೆ, ಪಾಚಿಗೆ ತಾಗಿಸಬಾರದು. ಕುಂಡದ ಮೇಲ್ಮೈಯನ್ನು ಬಟ್ಟೆಯಿಂದ ಮುಚ್ಚಿಕೊಂಡು ಹಚ್ಚುವುದು ವಾಡಿಕೆ. ಆಮ್ಲದೊಂದಿಗೆ ಬೆರೆತರೆ ವಿಷಕಾರಿಯಾದ ಹೈಡ್ರೋಜನ್ ಸಲ್ಫೈಡ್ ಅನಿಲ ಹೊರಬರುತ್ತದೆ. ಆದ್ದರಿಂದ ಬಯಲಲ್ಲೇ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡೇ ಬಳಸಬೇಕು.

ಒಣಮರದ ಬಾಳಿಕೆ ಕುಲಕ್ಕೆ ತಕ್ಕಂತೆ ಬೇರೆ. ಜೂನಿಪರ್ ಮತ್ತು ಯೂ ಮರದ ಚೇಗು ಗಟ್ಟಿ, ದಶಕಗಳವರೆಗೆ ನಿಲ್ಲುತ್ತದೆ. ಪೈನ್‌ನಲ್ಲಿ ರಾಳ ತುಂಬಿದ ಚೇಗು ಬಾಳುತ್ತದೆ, ಹೊರಗಿನ ಎಳೆಮರ ಬೇಗ ಮೆತ್ತಗಾಗುತ್ತದೆ. ಸ್ಪ್ರೂಸ್ ಇನ್ನೂ ದುರ್ಬಲ.

ಕಾಲ ಮತ್ತು ರೋಗ

ಪೈನ್‌ನ ದೊಡ್ಡ ಕಡಿತಗಳನ್ನು ರಾಳದ ಹರಿವು ಕಡಿಮೆ ಇರುವ ಶರತ್ಕಾಲದ ಕೊನೆಯಿಂದ ಚಳಿಗಾಲದ ಕೊನೆಯೊಳಗೆ ಮಾಡುತ್ತಾರೆ. ಲಾರ್ಚ್‌ಗೆ ಚಿಗುರುವ ಮುನ್ನ, ಜೂನಿಪರ್‌ಗೆ ವಸಂತದ ಆರಂಭ ಅಥವಾ ಶರತ್ಕಾಲದ ಮೊದಲ ಭಾಗ ಒಪ್ಪುತ್ತದೆ. ದೊಡ್ಡ ಕಡಿತವನ್ನೂ ಕುಂಡ ಬದಲಾಯಿಸುವುದನ್ನೂ ಒಂದೇ ಋತುವಿನಲ್ಲಿ ಮಾಡಬಾರದು.

ಗಾಯದ ದಾರಿಯಿಂದ ಬರುವ ರೋಗಗಳಲ್ಲಿ ಪೈನ್ ತುದಿಯನ್ನು ಒಣಗಿಸುವ ಡಿಪ್ಲೋಡಿಯ ಮತ್ತು ಸೈಪ್ರಸ್ ಕುಟುಂಬದ ಮರಗಳಲ್ಲಿ ತೊಗಟೆ ಹುಣ್ಣು ಉಂಟುಮಾಡುವ ಸೆಯರಿಡಿಯಂ ಮುಖ್ಯ. ಎರಡೂ ತೇವದ ಹವೆಯಲ್ಲಿ ಹಬ್ಬುತ್ತವೆ. ಒಣಹವೆಯ ದಿನದಲ್ಲಿ ಕತ್ತರಿಸುವುದು, ಗಾಯಕ್ಕೆ ಕೆಲವು ದಿನ ನೀರು ಬೀಳದಂತೆ ನೋಡುವುದು ಸರಳವಾದ ರಕ್ಷಣೆ.

ಇಂದಿನ ಸ್ಥಿತಿ

ಲೇಪದ ವಿಷಯದಲ್ಲಿ ವೃಕ್ಷತಜ್ಞರಿಗೂ ಬೊನ್ಸಾಯ್ ಬೆಳೆಗಾರರಿಗೂ ಒಮ್ಮತವಿಲ್ಲ. ಬೀದಿ ಮರಗಳಿಗೆ ಲೇಪ ಹಚ್ಚುವುದನ್ನು ವೃಕ್ಷತಜ್ಞರು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಬೊನ್ಸಾಯ್‌ನಲ್ಲಿ ಅದು ಮುಂದುವರಿದಿದೆ. ಕುಂಡದ ಅಳತೆಯ ಸೂಚಿಪರ್ಣಿಗಳ ಮೇಲೆ ನಿಯಂತ್ರಿತ ಪ್ರಯೋಗಗಳು ವಿರಳವಾಗಿರುವುದರಿಂದ ಹೆಚ್ಚಿನ ಜ್ಞಾನ ನರ್ಸರಿಗಳಲ್ಲಿ ಗುರುವಿನಿಂದ ಶಿಷ್ಯನಿಗೆ ಬಂದದ್ದು. 2010ರಲ್ಲಿ ಓಮಿಯಾದಲ್ಲಿ ತೆರೆದ ಬೊನ್ಸಾಯ್ ಕಲಾ ಸಂಗ್ರಹಾಲಯದಂಥ ಕಡೆ ಹಳೆಯ ಮರಗಳ ಗಾಯ ಹೇಗೆ ಮುಚ್ಚಿದೆ, ಒಣಮರ ಹೇಗೆ ಉಳಿದಿದೆ ಎಂಬುದನ್ನು ಹತ್ತಿರದಿಂದ ಕಾಣಬಹುದು.

ದಕ್ಷಿಣ ಭಾರತದಲ್ಲಿ ಬೊನ್ಸಾಯ್‌ಗೆ ಆಲ, ಅತ್ತಿಗಳ ಜಾತಿಯ ಮರಗಳೇ ಹೆಚ್ಚು ಬಳಕೆಯಲ್ಲಿವೆ. ಬೆಂಗಳೂರಿನಂಥ ಎತ್ತರದ, ಹಿತವಾದ ಹವೆಯ ಊರುಗಳಲ್ಲಿ ಚೀನೀ ಜೂನಿಪರ್, ಪೊಡೊಕಾರ್ಪಸ್, ಥೂಜಾಗಳನ್ನೂ ಬೆಳೆಸುತ್ತಾರೆ. ಚಳಿಗಾಲದ ದೀರ್ಘ ವಿಶ್ರಾಂತಿ ಬೇಕಾದ ಲಾರ್ಚ್ ಮತ್ತು ಐದೆಲೆ ಪೈನ್‌ಗಳು ಇಲ್ಲಿ ಒಗ್ಗುವುದಿಲ್ಲ. ಮೈಲುತುತ್ತು ಮತ್ತು ಸುಣ್ಣದಿಂದ ಮಾಡಿದ ಬೋರ್ಡೋ ಪೇಸ್ಟ್ ಇಲ್ಲಿ ಸುಲಭವಾಗಿ ಸಿಗುವ ಗಾಯಲೇಪ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಶೇ 1ರ ಬೋರ್ಡೋ ದ್ರಾವಣದ ಹತ್ತುಪಟ್ಟು ಗಟ್ಟಿಯಾದ ರೂಪವಿದು: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 10 ಲೀಟರ್ ನೀರು. ಶಿಲೀಂಧ್ರವನ್ನು ಇದು ತಡೆಯುತ್ತದೆ, ಆದರೆ ಒಣಗಿ ಬಿರುಕು ಬಿಡುವುದರಿಂದ ಅಂಚಿನ ತೇವವನ್ನು ಹಿಡಿದಿಡುವುದಿಲ್ಲ. ಅಂಚಿಗೆ ಪೆಟ್ರೋಲಿಯಂ ಜೆಲ್ಲಿ, ನಡುವಿನ ಬಯಲು ಮರಕ್ಕೆ ಬೋರ್ಡೋ ಎಂದು ಬೇರೆಬೇರೆಯಾಗಿ ಬಳಸುವುದು ಹೆಚ್ಚು ಯುಕ್ತ. ಮುಂಗಾರಿನ ತಿಂಗಳುಗಳಲ್ಲಿ ದೊಡ್ಡ ಕಡಿತಗಳನ್ನು ಮಾಡುವಂತಿಲ್ಲ, ಸುಣ್ಣಗಂಧಕವೂ ಮಳೆಗೆ ತೊಳೆದುಹೋಗುತ್ತದೆ. ಈ ಕೆಲಸಗಳಿಗೆ ನವೆಂಬರ್‌ನಿಂದ ಫೆಬ್ರುವರಿಯವರೆಗಿನ ಒಣ ತಿಂಗಳುಗಳು ತಕ್ಕವು. ನೋಟಕ್ಕೆ ಪೈನ್‌ನಂತಿರುವ ಗಾಳಿಮರ ಸೂಚಿಪರ್ಣಿಯಲ್ಲ, ಹೂಬಿಡುವ ಸಸ್ಯ. ಅದರಲ್ಲಿ ರಾಳವಿಲ್ಲ, ಹಳೆಯ ಮರದಿಂದಲೂ ಚಿಗುರುತ್ತದೆ. ಅದರ ಗಾಯಗಳಿಗೆ ಅಗಲ ಎಲೆಯ ಮರಗಳ ಕ್ರಮವೇ ಅನ್ವಯಿಸುತ್ತದೆ.